ಏಳನೇ ಮಂಚದ ಕಾಯಿಲೆ

ಕಬ್ಬಿಣದ ಮಂಚವೊಂದನ್ನು ಬರೀ ಬಾಯಿಮಾತಿನಿಂದ ಎಬ್ಬಿಸಿ, ಅದರ ನಾಲ್ಕು ಕಾಲಿನ ಮೇಲೇ ನಡೆಸಿ, ಹೊಸಿಲು ದಾಟಿಸಿ, ಅಂಗಳ ಸುತ್ತಿಸಿದ ಗಂಡಸು ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಲ್ಲಿ ಒಬ್ಬನೇ ಇದ್ದಾನೆ. ಅವನು ನಾನು. ಹೆಳವರ ಕ್ಯಾತಪ್ಪ. ಮಂಚ ನಡೆಯುವಾಗ ಅದರ ಕೀಲು ಕಿರುಗುಟ್ಟಿದ ಸದ್ದು ರಾಯದುರ್ಗದವರೆಗೂ ಕೇಳಿಸಿ, ಅಲ್ಲಿಯ ನಾಯಿಗಳು ತೆಲುಗಿನಲ್ಲಿ ಬೊಗಳಿದವು. ನಂಬದವರು ನಂಬಬೇಡಿ. ಮಂಚಕ್ಕೇನೂ ನಷ್ಟವಿಲ್ಲ.

ನಮ್ಮ ಕುಲದ ಕಸುಬು ಗೊತ್ತಿಲ್ಲದವರಿಗೆ ಒಂದು ಮಾತು. ಹೆಳವರು ಎತ್ತಿನ ಮೇಲೆ ಕೂತು ಊರೂರು ತಿರುಗುವವರು. ಒಕ್ಕಲ ಮನೆಯ ಮುಂದೆ ನಿಂತು ಆ ಮನೆಯ ತಾತ ಮುತ್ತಾತಂದಿರ ಹೆಸರನ್ನು ಸಾಲಾಗಿ ಹೇಳುವವರು. ನಮಗೆ ಬಾಯೇ ಪುಸ್ತಕ. ನಮ್ಮ ಮೂಲಪುರುಷ ಕಾಲಿಲ್ಲದವನಂತೆ, ಅದಕ್ಕೇ ಎತ್ತು ಹತ್ತಿದನಂತೆ. ಅವನ ಮಕ್ಕಳು ಮೊಮ್ಮಕ್ಕಳಿಗೆಲ್ಲ ಕಾಲು ಗಟ್ಟಿಯಾಗಿಯೇ ಇದ್ದವು. ಆದರೂ ಒಬ್ಬನೂ ಎತ್ತಿನಿಂದ ಇಳಿಯಲಿಲ್ಲ.

ಒಂದೊಂದು ಹೆಸರು ಹೇಳಿದಾಗಲೂ ಮನೆಯ ಯಜಮಾನ ‘ಹೂಂ’ ಅನ್ನಬೇಕು. ಹೂಂ ಬಂದರೆ ಹೆಸರು ಸರಿ. ಬರದಿದ್ದರೆ ಅಲ್ಲೇ ನಿಂತು, ತಿದ್ದಿಕೊಂಡು, ಮತ್ತೆ ಹೇಳಬೇಕು. ಹೂಂ ಇಲ್ಲದೆ ಮೊರದ ಕಾಳು ಜೋಳಿಗೆಗೆ ಬೀಳುವುದಿಲ್ಲ. ಜೊತೆಗೆ ಒಂದಿಷ್ಟು ಹೊಗಳಿಕೆಯನ್ನೂ ಬೆರೆಸಬೇಕು. ಕುರಿ ಕದ್ದು ಸಿಕ್ಕಿಬಿದ್ದು ಒದೆ ತಿಂದ ತಾತನನ್ನು ನಮ್ಮಪ್ಪ ‘ಕತ್ತಲಲ್ಲೂ ಹಿಂಡಿನ ಬೆನ್ನು ಬಿಡದ ವೀರ’ ಮಾಡುತ್ತಿದ್ದ. ಮೊಮ್ಮಕ್ಕಳು ಮೀಸೆ ತಿರುವಿ ಹೂಂ ಅನ್ನುತ್ತಿದ್ದರು.

ಕೇರಿಯ ಕಡೆಗೆ ಮಾತ್ರ ನಮ್ಮ ಎತ್ತು ತಿರುಗುತ್ತಿರಲಿಲ್ಲ. ಕೇರಿ ಎಂದರೆ ಯಾವ ಕೇರಿ ಎಂದು ಕೇಳುವವರು ಈ ಸೀಮೆಯವರಲ್ಲ. ಅಲ್ಲಿಯವರಿಗೂ ತಾತಂದಿರಿದ್ದರು. ನಮ್ಮಪ್ಪನ ಬಾಯಲ್ಲಿ ಅವರಿಗೆ ಜಾಗವಿರಲಿಲ್ಲ, ಅಷ್ಟೇ. ಇದು ಬಡಾಯಿಯಲ್ಲ. ಬಡಾಯಿಯಲ್ಲದ ಮಾತು ಬಂದಾಗ ನಾನೇ ಹೇಳುತ್ತೇನೆ, ನೀವು ಗಾಬರಿಯಾಗಬೇಡಿ.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಜನಕ್ಕೆ ತಾತಂದಿರ ಹೆಸರು ಬೇಡವಾಯಿತು. ಎತ್ತೂ ಸತ್ತಿತು. ನಾನು ಚಳ್ಳಕೆರೆಯಿಂದ ತಳಕಿಗೆ ಹೋಗುವ ರಸ್ತೆಯ ‘ಸಂಜೆಯಾಸರೆ’ಯಲ್ಲಿ ಕೆಲಸಕ್ಕೆ ಸೇರಿದೆ. ಅದು ಮೊದಲು ಸೋಮಶೇಖರಪ್ಪನವರ ಶೇಂಗಾ ಎಣ್ಣೆ ಮಿಲ್ಲು. ಮಿಲ್ಲು ನಿಂತ ಮೇಲೆ ಅವರು ಟ್ರಸ್ಟು ಮಾಡಿದರು. ಲಕ್ವ ಹೊಡೆದವರು, ಸಕ್ಕರೆ ಕಾಯಿಲೆಯವರು, ಹಾಸಿಗೆ ಹಿಡಿದವರು ಅಲ್ಲಿ ವರ್ಷಗಟ್ಟಲೆ ಇರುತ್ತಿದ್ದರು. ಸೋಮಶೇಖರಪ್ಪನವರ ಅಳಿಯ ಮಹಾಂತೇಶ್ ಮ್ಯಾನೇಜರು. ನಿರ್ಮಲಾ ಅನ್ನುವ ಒಬ್ಬಳೇ ಸಿಸ್ಟರು. ಮಿಕ್ಕ ಕೆಲಸಕ್ಕೆಲ್ಲ ನಾನು. ಎತ್ತುವುದು, ಮಗ್ಗುಲು ಹೊರಳಿಸುವುದು, ಒರೆಸುವುದು, ಬೆಡ್‌ಪ್ಯಾನು ತೊಳೆಯುವುದು. ನಾನು ತೊಳೆದ ಬೆಡ್‌ಪ್ಯಾನುಗಳನ್ನು ಒಂದರ ಮೇಲೊಂದು ಪೇರಿಸಿದರೆ ಜಟಿಂಗರಾಮೇಶ್ವರದ ಬೆಟ್ಟ ಅದರ ಪಕ್ಕದಲ್ಲಿ ಕುಂಬಳಕಾಯಿಯಂತೆ ಕಾಣುತ್ತಿತ್ತು. ಸಂಜೆಗೆ ಸೊಂಟ ಬಿದ್ದುಹೋಗುತ್ತಿತ್ತು. ಕೈ ಎಷ್ಟು ತೊಳೆದರೂ ಮುದ್ದೆಯ ತುತ್ತಿಗೆ ಫಿನಾಯಿಲಿನ ವಾಸನೆ. ಇದು ಬಡಾಯಿಯಲ್ಲ.

ಈಗ ಕಾರ್ಡಿನ ವಿಷಯ. ಪ್ರತಿ ಮಂಚದ ಕೆಳತುದಿಗೆ ಒಂದು ಕಾರ್ಡು. ಯಾವ ಕಾಯಿಲೆ, ಯಾವ ಮಾತ್ರೆ, ಏನು ಪಥ್ಯ, ಎಲ್ಲ ಅದರಲ್ಲಿ. ಒಂದು ಸಲ ಒಬ್ಬ ರೋಗಿಯ ಮಗ ಅಪ್ಪನ ಕಾರ್ಡನ್ನು ಕಿತ್ತುಕೊಂಡು ಹೋಗಿ ಚಿತ್ರದುರ್ಗದ ಡಾಕ್ಟರಿಗೆ ತೋರಿಸಿ, ವಾಪಸು ಬಂದು ದೊಡ್ಡ ಜಗಳ ತೆಗೆದಿದ್ದ. ಅಂದಿನಿಂದ ಮಹಾಂತೇಶ್ ಎಲ್ಲ ಕಾರ್ಡುಗಳನ್ನೂ ಕಂಬಿ ಕಟ್ಟುವ ತಂತಿಯಿಂದ ಮಂಚಕ್ಕೆ ಬಿಗಿಸಿ, ಗಂಟಿನ ಮೇಲೆ ಅರಗು ಕಾಯಿಸಿ ಮುದ್ರೆ ಒತ್ತಿಸಿದ. ಮಂಚದ ಮೇಲೆ ಮಲಗುವವರು ಬದಲಾದರು. ಕಾರ್ಡು ಬದಲಾಗಲಿಲ್ಲ. ಹೀಗೆ ನಮ್ಮಲ್ಲಿ ಕಾಯಿಲೆ ಬರುತ್ತಿದ್ದದ್ದು ಮನುಷ್ಯರಿಗಲ್ಲ, ಮಂಚಗಳಿಗೆ.

ಮೂರನೇ ಮಂಚಕ್ಕೆ ತಲೆಯಲ್ಲಿ ಹೇನು. ಹಿಂದೆ ಅಲ್ಲಿದ್ದ ಮುದುಕಿಯದು. ಈಗ ಅಲ್ಲಿದ್ದವರು ಕೊಂಡ್ಲಹಳ್ಳಿಯ ಕಂಬಳಿ ನೇಯುವ ಸಣ್ಣತಿಮ್ಮಪ್ಪ. ತಲೆ ತಾಮ್ರದ ಚೊಂಬಿನಂತೆ ಬೋಳು. ಆ ಬೋಳಿಗೆ ದಿನಾ ಹೇನಿನ ಎಣ್ಣೆ ತಿಕ್ಕಿ ಬಟ್ಟೆ ಕಟ್ಟುತ್ತಿದ್ದೆವು.

“ಎಂಥಾ ಔಷಧಿಲೇ ಕ್ಯಾತ! ಒಂದಾದ್ರೂ ಹೇನು ಉಳಿದೈತೇನೋ ನೋಡು!” ಎಂದು ಅವರು ಎಲ್ಲರಿಗೂ ತಲೆ ಬಗ್ಗಿಸಿ ತೋರಿಸುತ್ತಿದ್ದರು.

ಐದನೇ ಮಂಚಕ್ಕೆ ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತು. ಅದರ ಮೇಲೆ ಸೂರಮ್ಮ ಇದ್ದಳು. ಗಿರಣಿ ನಿಂತರೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ನೀರು ಕೇಳುವಳು, ಚಾದರ ಕೇಳುವಳು, ಕಿಟಕಿ ಮುಚ್ಚಲು ಹೇಳುವಳು. ಕಾರ್ಡಿನಲ್ಲಿ ‘ಮಾತಿಲ್ಲ’ ಎಂದಿದ್ದರಿಂದ ಅವಳ ಮಾತಿಗೆ ಯಾರೂ ಉತ್ತರ ಕೊಡುತ್ತಿರಲಿಲ್ಲ.

ಸಂಜೆ ಸಿಸ್ಟರಿಗೆ ಮಂಚ ಮಂಚ ಸುತ್ತಲು ಕಾಲಲ್ಲಿ ಶಕ್ತಿ ಇರುತ್ತಿರಲಿಲ್ಲ. ನಾನೇ ಸುತ್ತಿ, ಹೆಳವರ ರಾಗದಲ್ಲಿ ಒಂದೊಂದು ಮಂಚದ ಸಮಾಚಾರ ಹಾಡುತ್ತಿದ್ದೆ. ಅವಳು ಕೂತಲ್ಲೇ ಬರೆದುಕೊಂಡು, ಬೆಳಿಗ್ಗೆ ಕಾರ್ಡಿನ ಕೆಳಗೆ ಸೇರಿಸುತ್ತಿದ್ದಳು. ಹುಟ್ಟುಗುಣ ಎಲ್ಲಿ ಹೋಗಬೇಕು? ಹಾಡಿನಲ್ಲಿ ಹೊಗಳಿಕೆ ಬಂದೇ ಬರುತ್ತಿತ್ತು. ‘ನಾಡಿ: ವೀರಭದ್ರನ ಕುದುರೆಯಂತೆ.’ ‘ಮಲವಿಸರ್ಜನೆ: ಮನೆತನಕ್ಕೆ ತಕ್ಕಂತೆ.’ ಇದೆಲ್ಲ ಕಾರ್ಡಿನಲ್ಲಿ ದುಂಡಗೆ ಬರೆದಿತ್ತು.

ಏಳನೇ ಮಂಚ ಮೊದಲು ಮೂಗಮ್ಮನದಾಗಿತ್ತು. ಸಿದ್ದಾಪುರದ ಕೇರಿಯವಳು. ವಯಸ್ಸಿನಲ್ಲಿ ಇದೇ ಮಿಲ್ಲಿನಲ್ಲಿ ಹಿಂಡಿ ಮೂಟೆ ಹೊತ್ತವಳು. ಸಕ್ಕರೆ ಕಾಯಿಲೆ, ಬಲಗಾಲಿನ ಪಾದದಲ್ಲಿ ಹುಣ್ಣು. ಟ್ರಸ್ಟು ಶುರುವಾದಾಗ ಫೋಟೋ ತೆಗೆಯಲು ಬಡವರು ಬೇಕಾಗಿದ್ದರು, ಅವಳಿಗೆ ದೊಡ್ಡ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಮಂಚ ಸಿಕ್ಕಿತು. ಫೋಟೋ ಆಯಿತು. ಆಮೇಲೆ ಸೋಮಶೇಖರಪ್ಪನವರ ಸೋದರತ್ತೆ ಅನ್ನಪೂರ್ಣಮ್ಮನವರು ಬಂದರು. ಮೂಗಮ್ಮನನ್ನು ಎಬ್ಬಿಸಿ ಹಿತ್ತಲ ಗೋಡೋನಿಗೆ ಕಳಿಸಿದರು. ಅಲ್ಲಿ ಆಗಲೇ ಪಾಲಮ್ಮ ಮತ್ತು ಕೇರಿಯ ಇನ್ನಿಬ್ಬರು ಹೆಂಗಸರು ಚಾಪೆಯ ಮೇಲಿದ್ದರು. ಮಂಚವನ್ನು ಫಿನಾಯಿಲು ಹಾಕಿ ಎರಡೆರಡು ಸಲ ತೊಳೆಸಿದರು. ತೊಳೆದವನು ನಾನು. ಕಾರ್ಡು ಮಂಚದಲ್ಲೇ ಉಳಿಯಿತು.

ಅಂದಿನಿಂದ ಅನ್ನಪೂರ್ಣಮ್ಮನವರ ಹಾಲುಬಿಳುಪಿನ ಪಾದಕ್ಕೆ ದಿನಾ ಬೆಳಿಗ್ಗೆ ಮುಲಾಮು, ಹತ್ತಿ, ಪಟ್ಟಿ.

“ಏನವ್ವಾ ನಿರ್ಮಲಾ, ನನ್ನ ಕಾಲಿಗೆ ಏನಾಗೈತೆ?”

“ಹುಣ್ಣಾಗೈತಮ್ಮಾ.”

“ಎಲ್ಲೈತೆ?”

“ಕಾರ್ಡಲ್ಲಿ.”

“ಹಬ್ಬದ ಹೋಳಿಗೆ ಯಾಕೆ ಕಿತ್ಕಂಡ್ರಿ?”

“ನಿಮಗೆ ಸಕ್ರೆ ಕಾಯಿಲೆ ಐತಲ್ಲಮ್ಮಾ.”

“ಯಾರು ಹೇಳಿದ್ದು?”

ಸಿಸ್ಟರು ಮಂಚದ ಕಡೆ ಕೈ ತೋರಿಸಿದಳು. ಅನ್ನಪೂರ್ಣಮ್ಮನವರು ಮಂಚದ ಜೊತೆ ಮಾತು ಬಿಟ್ಟರು.

ಗೋಡೋನಿನಲ್ಲಿ ಮೂಗಮ್ಮನ ಕಾಲಿನ ನಿಜವಾದ ಹುಣ್ಣಿಗೆ ನೊಣ ಕೂರುತ್ತಿತ್ತು. ಪಟ್ಟಿ ಇಲ್ಲ. ಮಾತ್ರೆ ಇಲ್ಲ. ನಾನು ಹೋಗಿ ಮಹಾಂತೇಶನನ್ನು ಕೇಳಿದೆ. ಸಿಂಹದಂತೆ ಗರ್ಜಿಸಿ ಕೇಳಿದೆ ಎಂದು ಬರೆದುಕೊಳ್ಳಿ.

“ಮಂಚಕ್ಕೆ ಕಾರ್ಡು ಕಣಲೇ,” ಎಂದ. “ಮಂಚ ಇಲ್ಲದೋರಿಗೆ ಕಾರ್ಡು ಎಲ್ಲಿಂದ ತರ್ಲಿ?”

“ಕಾಯಿಲೆ ಐತಲ್ಲ ಸಾರ್?”

“ಕಾರ್ಡೇ ಇಲ್ಲ ಅಂದ್ಮೇಲೆ ಕಾಯಿಲೆ ಎಲ್ಲಿಂದ ಬಂತು? ಕಾಯಿಲೆ ಇಲ್ಲದೋರು ಕೂತು ಉಣ್ಣಬಾರ್ದು. ಹಾಲ್‌ನೋರ ಬಟ್ಟೆ ಒಗೀಲಿ.”

ಒಗೆದರು. ಹಾಲ್‌ನವರ ಮಲಮೂತ್ರದ ಚಾದರಗಳನ್ನು ಗೋಡೋನಿನ ಹೆಂಗಸರು ಒಗೆದರು. ಅವರೂ ರೋಗಿಗಳೇ. ಮೂಗಮ್ಮ ಕೊಳೆತ ಕಾಲನ್ನು ಸೋಪಿನ ನೀರಿನಲ್ಲಿ ಊರಿ ನಿಂತು ಒಗೆದಳು. ಒಗೆದ ಚಾದರವನ್ನು ಹೊಸಿಲಿನ ತನಕ ತಂದು ಇಡಬೇಕು. ಒಳಗೆ ಕಾಲಿಡುವಂತಿಲ್ಲ.

ಒಂದು ದಿನ ಪಾಲಮ್ಮ ಅನ್ನಪೂರ್ಣಮ್ಮನವರ ಕಾಲಿಂದ ಬಿಚ್ಚಿದ ಪಟ್ಟಿಯನ್ನು ಒಗೆದು ಒಣಗಿಸಿ, ಮೂಗಮ್ಮನ ಕಾಲಿಗೆ ಕಟ್ಟಿದಳು. ಪಾಲಮ್ಮನ ತವರು ಆಂಧ್ರದ ಕಡೆ, ಬಾಯಿ ಜೋರು, ಕೈಯೂ ಜೋರು. ಮಹಾಂತೇಶ್ ನೋಡಿದ.

“ಏಳನೇ ಮಂಚದ ಪಟ್ಟಿ ಅದು. ಬಿಚ್ಚು.”

ಮೂಗಮ್ಮ ಅಂಗಳದಲ್ಲಿ ಕೂತು ತಾನೇ ಬಿಚ್ಚಿದಳು. ಪಟ್ಟಿ ಹುಣ್ಣಿಗೆ ಅಂಟಿತ್ತು. ಎಳೆದಳು. ರಕ್ತ ಬಂತು. ಪಟ್ಟಿಯನ್ನು ಮಡಿಸಿ ಹೊಸಿಲಿನ ಮೇಲಿಟ್ಟಳು. ನಾನು ಬೆಡ್‌ಪ್ಯಾನು ಹಿಡಿದು ನಿಂತಿದ್ದೆ. ನಿಂತೇ ಇದ್ದೆ.

ಅವಳು ನನ್ನತ್ತ ನೋಡಿದಳು. “ಕ್ಯಾತಣ್ಣ, ಸಂಜೆ ಹೊತ್ತು ಮಂಚ ಮಂಚಕ್ಕೂ ನಿಂತು ಹಾಡ್ತೀಯಲ್ಲ, ಇತ್ಲಾಗೂ ಒಂದ್ಸಲ ಬಾರಪ್ಪ. ನನ್ನ ಕಾಲಿಂದೂ ಹೇಳು. ನಿಮ್ಮಪ್ಪ ಗೌಡ್ರ ಮನೆ ಮುಂದೆ ಹೇಳುವಾಗ ಗೌಡ್ರು ಹೂಂ ಅಂತಿದ್ರು. ನಾನೂ ಹೂಂ ಅಂತೀನಿ.”

ಬರ್ತೀನಿ ಮೂಗವ್ವ ಅಂದೆ. ಹೋಗಲಿಲ್ಲ. ಇದು ಬಡಾಯಿಯಲ್ಲ.

ಅಷ್ಟರಲ್ಲಿ ಜಿಲ್ಲೆಯಿಂದ ತಪಾಸಣೆಗೆ ಡಾಕ್ಟರಮ್ಮ ಬರುತ್ತಾರೆಂದು ಸುದ್ದಿ ಬಂತು. ತುಂಬಿದ ಮಂಚಗಳಿಗೆ ಮಾತ್ರ ಸರ್ಕಾರದ ಅನುದಾನ. ಅದೇ ದಿನ ಅನ್ನಪೂರ್ಣಮ್ಮನವರು ಮೊಳಕಾಲ್ಮೂರಿನಲ್ಲಿ ಮದುವೆಯೆಂದು ರೇಷ್ಮೆ ಸೀರೆ ಉಟ್ಟು, “ಹೋಳಿಗೆ ತಿಂದೇ ಬರೋಳು ನಾನು!” ಎಂದು ಮಂಚಕ್ಕೆ ಕೇಳಿಸುವಂತೆ ಹೇಳಿ ಹೋದರು. ಏಳನೇ ಮಂಚ ಖಾಲಿ. ಮಹಾಂತೇಶ್ ನನ್ನ ಹತ್ತಿರ ಓಡಿ ಬಂದ.

“ಲೇ ಕ್ಯಾತ, ನೀನೇ ಮಲಗಲೇ. ತಲೆ ತನಕ ಚಾದರ ಹೊದ್ಕೋ. ಸ್ವಲ್ಪ ನರಳು.”

“ಥೂ!” ಎಂದೆ. ನನ್ನ ಥೂ ಸದ್ದಿಗೆ ಗೋಡೆಯ ಗಡಿಯಾರ ಹಿಂದಕ್ಕೆ ತಿರುಗಿತು. ಮಹಾಂತೇಶನ ಮೀಸೆ ಅರ್ಧ ಉದುರಿತು. ನಾನು ಎದೆಯ ಮೇಲೆ ಕೈಕಟ್ಟಿ ಹಾಲ್‌ನ ನಡುವೆ ಕಂಬದಂತೆ ನಿಂತೆ.

ಡಾಕ್ಟರಮ್ಮ ಬಂದರು. ಸಣ್ಣ ದೇಹ, ದಪ್ಪ ಕನ್ನಡಕ. ಒಂದೊಂದೇ ಕಾರ್ಡನ್ನು ಗಟ್ಟಿಯಾಗಿ ಓದುತ್ತ ಬಂದರು. ಸಣ್ಣತಿಮ್ಮಪ್ಪನವರ ಬೋಳನ್ನು ನೋಡಿ ಕನ್ನಡಕ ಒರೆಸಿಕೊಂಡರು. ಸೂರಮ್ಮ ಅವರ ಸೆರಗು ಹಿಡಿದು ಊರಿನ ಕಥೆಯನ್ನೆಲ್ಲ ಹೇಳಿದಳು. “ಇವ್ರಿಗೆ ಮಾತಿಲ್ಲ ಮೇಡಂ,” ಎಂದ ಮಹಾಂತೇಶ್. ‘ವೀರಭದ್ರನ ಕುದುರೆ’ಯನ್ನು ಡಾಕ್ಟರಮ್ಮ ಎರಡೆರಡು ಸಲ ಓದಿದರು. ಮೆಚ್ಚಿಕೊಂಡರೆಂದೇ ನನ್ನ ಲೆಕ್ಕ.

ಏಳನೇ ಮಂಚಕ್ಕೆ ಬಂದರು. “ಬಲಗಾಲಿನ ಪಾದದಲ್ಲಿ ಹುಣ್ಣು. ದಿನವೂ ಪಟ್ಟಿ ಕಟ್ಟಿದೆ. ಚೆನ್ನಾಗಿ ಮಾಯುತ್ತಿದೆ.”

“ನಾನು ಹೂಂ ಅನ್ನಲ್ಲ.”

ಎಲ್ಲರೂ ತಿರುಗಿದೆವು. ಹೊಸಿಲಿನ ಆಚೆ ಒದ್ದೆ ಚಾದರದ ಬುಟ್ಟಿ ಹೊತ್ತು ಮೂಗಮ್ಮ ನಿಂತಿದ್ದಳು. ಪಕ್ಕದಲ್ಲಿ ಪಾಲಮ್ಮ. ಹಿಂದೆ ಆ ಇಬ್ಬರು.

“ಅದು ನನ್ನ ಕಾಲು,” ಎಂದಳು ಮೂಗಮ್ಮ. “ಮಾಯ್ತಾ ಐತೆ ಅಂತ ಯಾರು ಬರ್ದ್ರೋ ಅವ್ರು ಬಂದು ಮೂಸಿ ನೋಡ್ಲಿ. ನಾನು ಹೂಂ ಅನ್ನಲ್ಲ.”

“ಬಟ್ಟೆ ಒಗಿಯೋಳು ಮೇಡಂ, ತಲೆ ಸರಿ ಇಲ್ಲ,” ಎಂದ ಮಹಾಂತೇಶ್. “ನಡಿಯೇ ಆಚೆ!”

ಮೂಗಮ್ಮ ಬುಟ್ಟಿ ಇಳಿಸಿದಳು. “ನಡಿಯಲ್ಲ.”

“ಆ ಕಾರ್ಡು ಬಿಚ್ಚಿ ಕೊಡಿ, ಅಲ್ಲೇ ಹೋಗಿ ಕಾಲು ನೋಡ್ತೀನಿ,” ಎಂದರು ಡಾಕ್ಟರಮ್ಮ.

“ಬಿಚ್ಚಂಗಿಲ್ಲ ಮೇಡಂ. ಮುದ್ರೆ ಐತೆ. ಟ್ರಸ್ಟಿನ ರೂಲ್ಸು.”

“ಹಾಗಾದ್ರೆ ಆಕೆನೇ ಮಂಚದ ಹತ್ರ ಬರ್ಲಿ.”

“ಬರಂಗಿಲ್ಲ ಮೇಡಂ. ಅದೂ... ರೂಲ್ಸು.”

ಕಾರ್ಡು ಹೊರಗೆ ಹೋಗುವಂತಿಲ್ಲ. ಕಾಲು ಒಳಗೆ ಬರುವಂತಿಲ್ಲ. ಆಗ ನಾನು ಬಾಯಿ ತೆರೆದೆ.

ಹೆಳವರ ಯಾವ ಬಾಯಿಯೂ ಅಲ್ಲಿಯವರೆಗೆ ಹಾಡದ ವಂಶವನ್ನು ಹಾಡಿದೆ. ಮೂಗಮ್ಮನ ವಂಶ! ಸಿದ್ದಾಪುರದ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಬರೆಸುವಾಗ ಬಂಡೆ ತೊಳೆದು ಕೊಟ್ಟವನು ಇವಳ ಮುತ್ತಾತನ ಮುತ್ತಾತ ಎಂದೆ. ಅಕ್ಷರ ತಪ್ಪಿದಾಗ ಚಕ್ರವರ್ತಿಯ ಕಿವಿ ಹಿಂಡಿದವನೂ ಅವನೇ ಎಂದೆ. ಇವಳ ತಾಯಿ ರತ್ನಾಜಮ್ಮ, ಒಂದು ಕೈಯಲ್ಲಿ ಹುಲಿ, ಒಂದು ಕೈಯಲ್ಲಿ ಒನಕೆ ಎಂದೆ. ಫ್ಯಾನು ನಿಂತಿತು. ಮಾತ್ರೆಗಳು ಡಬ್ಬಿಯೊಳಗೆ ಕುಣಿದವು. “ಏಳೋ ಮಂಚಾ! ನಿನ್ನ ರೋಗಿ ಇದ್ದಲ್ಲಿಗೆ ನಡಿ!” ಎಂದೆ. ಖಾಲಿ ಮಂಚ ಎದ್ದಿತು. ನಡೆಯಿತು. ಹೊಸಿಲು ದಾಟಿ, ಅಂಗಳ ಸುತ್ತಿ, ಗೋಡೋನಿನ ಬಾಗಿಲಲ್ಲಿ ಮಂಡಿಯೂರಿತು. ಡಾಕ್ಟರಮ್ಮ ಹಿಂದೆ ಹಿಂದೆ ಓಡಿ ಬಂದು ಕಾರ್ಡು ಓದಿದರು, ಕಾಲು ನೋಡಿದರು, ಮಹಾಂತೇಶನನ್ನೂ ನೋಡಿದರು. ತಮ್ಮ ಜೀಪಿನಲ್ಲೇ ಮೂಗಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಂದು ಬೆರಳು ಹೋಯಿತು. ಕಾಲು ಉಳಿಯಿತು.

ಆಮೇಲೆ ಡಾಕ್ಟರಮ್ಮ ಬರೆದುಕೊಟ್ಟ ಆರ್ಡರಿನಂತೆ ತಂತಿಗಳೆಲ್ಲ ತುಂಡಾದವು. ಕಾರ್ಡಿನಲ್ಲಿ ಮಂಚದ ನಂಬರು ಹೋಗಿ ಮನುಷ್ಯರ ಹೆಸರು ಬಂತು. ಮನುಷ್ಯರು ಎಲ್ಲಿಗೆ ಹೋದರೆ ಅಲ್ಲಿಗೆ ಕಾರ್ಡು. ಗೋಡೋನಿನವರಿಗೂ ಕಾರ್ಡು, ಮಂಚ, ಅದೂ ಹಾಲ್‌ನ ಒಳಗೆ. ಮೂಗಮ್ಮ ಆಸ್ಪತ್ರೆಯಿಂದ ಬಂದವಳು ಇನ್ನೊಂದು ಸೇರಿಸಿದಳು: ಬರೆದದ್ದನ್ನು ಸಂಜೆ ಅವರವರ ಮುಂದೆ ಗಟ್ಟಿಯಾಗಿ ಓದಬೇಕು, ಅವರು ಹೂಂ ಅಂದರೆ ಮಾತ್ರ ಅದು ಬರಹ. ಈಗ ಸೂರಮ್ಮನ ಒಂದು ಹೂಂ ಮುಗಿಯುವಷ್ಟರಲ್ಲಿ ಸಿಸ್ಟರು ಒಂದು ನಿದ್ದೆ ತೆಗೆಯುತ್ತಾಳೆ. ಸಣ್ಣತಿಮ್ಮಪ್ಪನವರು ‘ಹೇನಿಲ್ಲ’ ಎಂಬುದಕ್ಕೆ ಮೂರು ದಿನ ಹೂಂ ಅನ್ನಲಿಲ್ಲ, ಎಣ್ಣೆ ತಂಪಾಗಿತ್ತಂತೆ. ಅನ್ನಪೂರ್ಣಮ್ಮನವರು ‘ಸಕ್ಕರೆ ಕಾಯಿಲೆ ಇಲ್ಲ’ ಎಂದು ಓದುವ ಮೊದಲೇ ಹೂಂ ಅಂದರು. ಮಹಾಂತೇಶ್ ಇವತ್ತಿಗೂ ಮ್ಯಾನೇಜರೇ. ಅದನ್ನು ಯಾವ ರಾಗದಲ್ಲಿ ಹಾಡಿದರೂ ಬದಲಾಗಲಿಲ್ಲ.

ಇಷ್ಟು ಬರೆದು, ನಮ್ಮ ರೂಲ್ಸಿನ ಪ್ರಕಾರ ಮೂಗಮ್ಮನ ಮುಂದೆ ಓದಿದೆ. ಅವಳು ಮಂಚದ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಪಾಲಮ್ಮ ಸಿಪ್ಪೆ ಆರಿಸುತ್ತಿದ್ದಳು. ಓದಿ ಮುಗಿಸಿ ಕಾದೆ. ಹೂಂ ಬರಲಿಲ್ಲ.

“ಅಬ್ಬೋ, ಏಂ ಚೆಪ್ತಾಡಮ್ಮಾ ವೀಡು!” ಎಂದು ಪಾಲಮ್ಮ ಬಾಯಿಯ ಮೇಲೆ ಕೈಯಿಟ್ಟಳು. “ಏನ್ ಹೇಳ್ತಾನವ್ವಾ ಇವ್ನು!”

ಮೂಗಮ್ಮ ಒಂದು ಬೀಜ ಬಾಯಿಗೆ ಹಾಕಿಕೊಂಡಳು. “ಕ್ಯಾತಣ್ಣ, ಮಂಚ ತಾನಾಗೇ ನಡೀತಾ?”

“...ಇಲ್ಲ ಮೂಗವ್ವ.”

“ಯಾರು ಹೊತ್ರು?”

“ನೀವು ನಾಲ್ಕು ಜನ.”

“ಮಂಚ ಖಾಲಿ ಇತ್ತಾ?”

ನಾನು ಫ್ಯಾನು ನೋಡಿದೆ.

“ಫ್ಯಾನ್ ಯಾಕೆ ನೋಡ್ತೀಯಾ? ಹೇಳು. ಮಂಚದ ಮೇಲೆ ಯಾರಿದ್ರು?”

“ನಾನು.”

ಹೌದು. ಥೂ ಅನ್ನಲಿಲ್ಲ. ‘ಆಯ್ತು ಸಾರ್’ ಅಂದೆ. ತಲೆ ತನಕ ಚಾದರ ಹೊದ್ದು ಮಲಗಿದೆ. ಸಿಸ್ಟರು ನನ್ನ ಕೂದಲು ತುಂಬಿದ ಬಲಗಾಲಿಗೆ ಪಟ್ಟಿ ಕಟ್ಟಿದಳು. ಮೂಗಮ್ಮ ಹೂಂ ಅನ್ನಲ್ಲ ಎಂದಾಗ ನಾನು ಚಾದರದೊಳಗೆ ಕಣ್ಣು ಮುಚ್ಚಿ ನರಳುತ್ತಿದ್ದೆ. ಹಾಡು ಹಾಡಲಿಲ್ಲ. ಬಾಯಿಯೇ ಬಿಡಲಿಲ್ಲ. ಕೆಲಸ ಹೋದರೆ ಎಂದು ಭಯ. ಕಾರ್ಡು ಬಿಚ್ಚುವಂತಿಲ್ಲ ಎಂದದ್ದೇ, “ಬಿಚ್ಚಬ್ಯಾಡ್ರಿ, ಮಂಚಾನೇ ತಗಂಡು ಹೋಗ್ತೀವಿ,” ಎಂದು ಮೂಗಮ್ಮ ಹೊಸಿಲು ದಾಟಿದಳು. ಹಿಂದೆ ಮೂವರೂ ದಾಟಿದರು. ನಾಲ್ಕು ಕಾಲಿಗೆ ನಾಲ್ವರು. ಎತ್ತಿದರು. ಮಹಾಂತೇಶ್ ಅಡ್ಡ ಬಂದ. ಪಾಲಮ್ಮ ಮಂಚವನ್ನೇ ಅವನ ಹೊಟ್ಟೆಗೆ ತಿವಿದಳು. ಅವನು ಸರಿದ. ಅಂಗಳದಲ್ಲಿ ಚಾದರ ಜಾರಿತು. ನನ್ನ ಮೀಸೆ ಕಂಡು ಡಾಕ್ಟರಮ್ಮ, “ರಿಜಿಸ್ಟರಲ್ಲಿರೋ ಅನ್ನಪೂರ್ಣಮ್ಮ ಅಂದ್ರೆ ಇವ್ರೇನಾ?” ಎಂದರು. ನಾನು ಆಗಲೂ ಇಳಿಯಲಿಲ್ಲ. ಕಾಲು ಗಟ್ಟಿಯಿದ್ದವನು ಮಲಗಿದ್ದೆ, ಕಾಲು ಕೊಳೆತವಳು ಹೊತ್ತಿದ್ದಳು. ನಮ್ಮಪ್ಪನೂ ಎತ್ತಿನಿಂದ ಇಳಿದವನಲ್ಲ.

“ಹಿಂಡಿ ಮೂಟೆಗಿಂತ ಹಗುರ ಇದ್ದೆ ಬಿಡು,” ಎಂದಳು ಮೂಗಮ್ಮ. “ಆದ್ರೆ ಮೂಟೆ ನರಳ್ತಿರ್ಲಿಲ್ಲ.”

ಪಾಲಮ್ಮ ನಕ್ಕು ನಕ್ಕು ಸಿಪ್ಪೆ ಚೆಲ್ಲಿದಳು.

“ರತ್ನಾಜಮ್ಮ ಯಾರು?”

“ಸುಮ್ನೆ... ಹಾಡಿಗೆ ಹೊಂದ್ತಿತ್ತು ಅಂತ. ನಿಮ್ಮವ್ವನ ಹೆಸ್ರೇನು ಮೂಗವ್ವ?”

ಅವಳು ಸುಲಿಯುವುದನ್ನು ನಿಲ್ಲಿಸಿದಳು. “ಕೊಲ್ಲಾಪುರಮ್ಮ. ಇಲ್ಲೀ ತನಕ ಯಾರೂ ಕೇಳಿರ್ಲಿಲ್ಲ ನೋಡು.”

“ಆಕೆಯ ಅವ್ವ?”

“ಗೊತ್ತಿಲ್ಲ. ಗೊತ್ತಿಲ್ಲ ಅಂತ್ಲೇ ಬರಿ. ಹುಲಿ ಗಿಲಿ ತರಬ್ಯಾಡ.”

ಹೊಸ ಹಾಳೆ ತೆಗೆದು ಬರೆದು, ರಾಗವಿಲ್ಲದೆ ಓದಿದೆ.

“ಮೂಗಮ್ಮ.”

“ಹೂಂ.”

“ತಾಯಿ ಕೊಲ್ಲಾಪುರಮ್ಮ.”

“ಹೂಂ.”

“ಅದರ ಹಿಂದಿನವರನ್ನು ನಮ್ಮವರು ಕೇಳಲಿಲ್ಲ.”

“ಹೂಂ.”

“ಮಂಚ ಹೊತ್ತ ದಿನ ಅವಳ ಕಾಲು ಕೊಳೆತಿತ್ತು. ಮಂಚದ ಮೇಲೆ ಹೆಳವರ ಕ್ಯಾತಪ್ಪ ಇದ್ದ. ಅವನ ಎರಡೂ ಕಾಲು ನೆಟ್ಟಗಿದ್ದವು.”

ಮೂಗಮ್ಮ ಸುಲಿದ ಬೀಜವನ್ನೆಲ್ಲ ಮೊರದಿಂದ ನನ್ನ ಬೊಗಸೆಗೆ ಸುರಿದಳು.

“ಹೂಂ,” ಎಂದಳು.